ನಮ್ಮಪ್ಪ ‘ಅಲ್ಲ’ ಅಂದ ದಿನ

ನಮ್ಮಪ್ಪನಿಗೆ ಊರಿನವರು ಇಟ್ಟ ಹೆಸರು ಹೌದಪ್ಪ. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದು ಮತದಾರರ ಪಟ್ಟಿಯಲ್ಲಿ ತಣ್ಣಗೆ ಮಲಗಿದೆ, ಯಾರಿಗೂ ಬೇಕಾಗಿಲ್ಲ. ಅಪ್ಪ ಕ್ಷೌರಿಕ. ಶಾಲೆಯ ಎದುರಿಗೆ ನಮ್ಮ ಸಲೂನು. ಮೂರು ಕುರ್ಚಿ, ಗೋಡೆಯುದ್ದಕ್ಕೂ ಒಂದೇ ಕನ್ನಡಿ, ಮೂಲೆಯಲ್ಲಿ ಬಿಸಿನೀರಿನ ಕೆಟಲು, ಕಾಯುವವರಿಗೆ ಒಂದು ಕಾಲು ಕುಂಟುವ ಬೆಂಚು. ಐವತ್ತು ವರ್ಷದಿಂದ ಆ ಕನ್ನಡಿಯ ಮುಂದೆ ಕೂತವರು ಏನು ಹೇಳಿದರೂ ಅಪ್ಪ ‘ಹೌದು’ ಎನ್ನುತ್ತಲೇ ಬಂದಿದ್ದಾನೆ. ಇವತ್ತು ಮಳೆ ಬರುತ್ತೆ ಎಂದರೆ ಹೌದು. ಎಲ್ಲಿಯ ಮಳೆ ಎಂದು ಪಕ್ಕದ ಕುರ್ಚಿಯವನು ಅಂದರೆ ಅದಕ್ಕೂ ಹೌದು. ಹೌದಪ್ಪನ ಚಾವಡಿಯಲ್ಲಿ ಹೌದಪ್ಪ, ಅಲ್ಲಪ್ಪನ ಚಾವಡಿಯಲ್ಲಿ ಅಲ್ಲಪ್ಪ ಅಂತ ಗಾದೆಯಿದೆಯಲ್ಲ, ನಮ್ಮಪ್ಪ ಅದರಲ್ಲಿ ಅರ್ಧ ಮಾತ್ರ ಕಲಿತವನು. ಅಲ್ಲಪ್ಪನ ಚಾವಡಿಗೆ ಹೋದರೂ ‘ಹೌದು, ನೀವು ಅಲ್ಲ ಅನ್ನೋದೇ ಸರಿ’ ಎಂದು ಹೇಳಿ ಬರುವ ಆಸಾಮಿ.

ಯಾಕೆ ಹೀಗೆ ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. “ಕೈಯಲ್ಲಿ ರೇಜರ್ ಹಿಡಿದೋನು ವಾದ ಮಾಡಬಾರದು ಮಗಳೇ. ವಾದ ಮಾಡಿದ್ರೆ ಕೂತಿರೋನು ತಲೆ ಅಲ್ಲಾಡಿಸ್ತಾನೆ. ತಲೆ ಅಲ್ಲಾಡಿದ್ರೆ ಕಿವಿ ಹೋಗುತ್ತೆ” ಅಂದಿದ್ದ. ಐವತ್ತು ವರ್ಷದಲ್ಲಿ ಒಬ್ಬರ ಕಿವಿಗೂ ಗೀರು ಬಿದ್ದಿಲ್ಲ ಎನ್ನುವುದು ಅವನ ಹೆಮ್ಮೆ. ಅದೆಲ್ಲ ಸರಿ, ಆದರೆ ಮನೆಯಲ್ಲಿ ರೇಜರ್ ಇಲ್ಲವಲ್ಲ? ಮನೆಯಲ್ಲೂ ಇದೇ ಕಥೆ. ನಾನು ಶಾಲಾ ಪ್ರವಾಸಕ್ಕೆ ಹೋಗಲೇ ಎಂದರೆ ಹೌದು. ಅವಳು ಹೋಗೋದು ಬೇಡ ಎಂದು ಅಮ್ಮ ಅಂದರೆ ಹೌದು. ಆಮೇಲೆ ನಾವಿಬ್ಬರೂ ಜುಟ್ಟು ಜುಟ್ಟು ಹಿಡಿದುಕೊಂಡು ಕಾದಾಡುವಾಗ ಇವನು ಬಟ್ಟಲಲ್ಲಿ ಟೀ ಆರಿಸಿಕೊಂಡು ಕುಡಿಯುತ್ತಿದ್ದ.

ಅವರ ಮದುವೆಯ ಕಥೆಯನ್ನು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. “ನಮ್ಮಪ್ಪ ಗಡ್ಡ ಮಾಡಿಸ್ಕೊಳ್ಳೋಕೆ ಕೂತಿದ್ರು. ನನ್ನ ಮಗಳು ಒಳ್ಳೇ ಹುಡುಗಿ ಅಂದ್ರಂತೆ. ಇವರು ಹೌದು ಅಂದ್ರು. ನಿಂಗೂ ವಯಸ್ಸಾಯ್ತು ಅಂದ್ರಂತೆ. ಹೌದು ಅಂದ್ರು. ಹಂಗಾದ್ರೆ ಮುಂದಿನ ತಿಂಗಳು ಇಟ್ಕೊಳ್ಳೋಣ್ವಾ ಅಂದ್ರಂತೆ. ಅದಕ್ಕೂ ಹೌದು! ನನ್ನ ಮುಖ ನೋಡಿರಲಿಲ್ಲ ಈ ಮನುಷ್ಯ. ಇನ್ನೊಂದು ಕೆನ್ನೆ ಬೋಳಿಸೋದ್ರೊಳಗೆ ಮದುವೆ ಗೊತ್ತಾಗಿತ್ತು.” ಇದನ್ನು ಹೇಳುವಾಗ ಅಮ್ಮ ಎಷ್ಟು ನಗುತ್ತಾಳೆಂದರೆ ಕೇಳುವವರು ಅವಳನ್ನು ಹಿಡಿದು ಕೂರಿಸಬೇಕು. ಹಾಗೇನಾ ಎಂದು ಅವರು ಅಪ್ಪನನ್ನು ಕೇಳಿದರೆ ಅವನ ಉತ್ತರ ನಿಮಗೇ ಗೊತ್ತಲ್ಲ.

ಅಪ್ಪನಿಗೆ ಇನ್ನೊಂದು ನಿಯಮವಿತ್ತು. ಕುರ್ಚಿಯಲ್ಲಿ ಕೇಳಿದ್ದು ಹೊಸಿಲು ದಾಟಬಾರದು. ಸಂಜೆ ಕೂದಲು ಗುಡಿಸಿ ಹಾಕುವಾಗ ಅದರ ಜೊತೆ ಅದೂ ಹೋಗಬೇಕು. ಯಾರ ಮನೆಯಲ್ಲಿ ಜಗಳ, ಯಾರಿಗೆ ಯಾರ ಮೇಲೆ ಕಣ್ಣು, ಯಾರ ತಲೆಗೆ ಎಂದಿನಿಂದ ಬಣ್ಣ, ಅವನಿಗೆ ಎಲ್ಲವೂ ಗೊತ್ತು. ಅಮ್ಮ ಎಷ್ಟು ತಿವಿದರೂ ಒಂದು ಎಳೆ ಹೊರಗೆ ಬಿಟ್ಟವನಲ್ಲ. ಬೀದಿಯ ಅರ್ಧ ಗುಟ್ಟು ಹೊಟ್ಟೆಯೊಳಗೆ ಇಟ್ಟುಕೊಂಡ ಗಂಡನನ್ನು ಕಟ್ಟಿಕೊಂಡು ಒಂದು ಗುಟ್ಟೂ ದಕ್ಕಲಿಲ್ಲವಲ್ಲ ಎಂಬುದು ಅವಳ ಬದುಕಿನ ದೊಡ್ಡ ಕೊರಗು.

ಇಂಥವನ ಹೊಟ್ಟೆಯಲ್ಲಿ ಹುಟ್ಟಿದ ನಾನು ಬಾಯಿಬಡುಕಿ. ಮೂವತ್ತನಾಲ್ಕು ವರ್ಷ, ಎದುರಿನ ಶಾಲೆಯಲ್ಲೇ ಮೂರನೇ ಕ್ಲಾಸಿನ ಟೀಚರು. ಎಲ್ಲದಕ್ಕೂ ಒಂದು ಅಭಿಪ್ರಾಯ ಇಟ್ಟುಕೊಂಡವಳು. ಅಪ್ಪ ಖರ್ಚು ಮಾಡದೆ ಉಳಿಸಿದ ‘ಅಲ್ಲ’ಗಳೆಲ್ಲ ನನ್ನ ಪಾಲಿಗೆ ಬಂದಿವೆ ಎಂದು ಅಮ್ಮ ಅನ್ನುತ್ತಾಳೆ.

ಈಗ ಶಾಲೆಯ ವಿಷಯಕ್ಕೆ ಬರುತ್ತೇನೆ. ಅದು ಸರ್ಕಾರಿ ಶಾಲೆ. ಗಡಿಯಾರದ ಬೀದಿಯಲ್ಲಿದೆ. ಯಾವ ಕಾಲದಲ್ಲೋ ಜಾಗ ಕೊಟ್ಟ ಒಬ್ಬ ಗಿರಣಿ ಮಾಲೀಕನ ಹೆಸರು ಅದಕ್ಕಿತ್ತು. ಗಿರಣಿ ಮುಚ್ಚಿ, ಬಿದ್ದು, ಅದರ ಜಾಗದಲ್ಲಿ ಬಸ್ಸು ತೊಳೆಯುವ ಶೆಡ್ಡು ಬಂದು ಎಷ್ಟೋ ಕಾಲವಾಗಿತ್ತು. ಮಾಲೀಕನ ಮುಖ ಹೇಗಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಈ ವರ್ಷ ರಜೆಯಲ್ಲಿ ಗೋಡೆಗೆ ಸುಣ್ಣ ಹೊಡೆಯುವವರು ಬೋರ್ಡು ಕೆಳಗಿಳಿಸಿದರು. ಇಳಿಸುವಾಗ ಒಬ್ಬನಿಗೆ ಸೀನು ಬಂತು. ಬೋರ್ಡು ಮೆಟ್ಟಿಲ ಮೇಲೆ ಬಿದ್ದು ಎರಡು ಹೋಳಾಯಿತು. ಹೊಸ ಬೋರ್ಡಿಗೆ ಏನು ಬರೆಸಲಿ ಎಂದು ಹೆಡ್‌ಮಾಸ್ತರರು ಪಾಪ, ಹಳೆಯದನ್ನೇ ಬರೆಸಿದ್ದರೆ ಮುಗಿಯುತ್ತಿತ್ತು, ಗೇಟಿನ ಹತ್ತಿರ ನಿಂತವರನ್ನು ಕೇಳಿದರು. ಯಾರೋ “ಮತ್ತೆ ಆ ಗಿರಣಿಯವನದ್ದೇ ಯಾಕೆ?” ಅಂದರು. ಅಷ್ಟೇ. ಒಂದು ಸೀನಿಗೆ ಊರೆಲ್ಲ ಜ್ವರ.

ಒಂದು ವಾರದಲ್ಲಿ ನಾಲ್ಕು ಬಣ. ಹಳೆಯ ಹೆಸರೇ ಇರಲಿ ಎಂದವರು ನಿವೃತ್ತ ಪೋಸ್ಟ್‌ಮಾಸ್ಟರು. ಅವರಿಗೆ ಗಿರಣಿಯವನ ಮೇಲೆ ಪ್ರೀತಿಯೇನಿಲ್ಲ. ವಿಳಾಸ ಬದಲಾದರೆ ಕಾಗದ ಎಲ್ಲಿಗೆ ಹೋಗಬೇಕು ಎನ್ನುವ ಚಿಂತೆ. ಎರಡನೆಯವರು ಔಷಧಿ ಅಂಗಡಿಯವರು. ದೂರದ ಓಟದಲ್ಲಿ ಪದಕ ಗೆದ್ದ ಒಬ್ಬ ಓಟಗಾರ್ತಿ ಈ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ತನಕ ಓದಿದ್ದಳು, ಅವಳ ಹೆಸರಿಡಬೇಕು ಎಂದರು. ಅವಳು ಓಡೋದು ಕಲಿತಿದ್ದೇ ಈ ಶಾಲೆಯಿಂದ ತಪ್ಪಿಸ್ಕೊಂಡು ಎಂದು ಎದುರು ಬಣದವರು. ಮೂರನೆಯವರು ನಮ್ಮ ವಾರ್ಡಿನ ಮೆಂಬರು. ಅವರ ತಂದೆ ಶಾಲೆಗೆ ನಲ್ಲಿ ಹಾಕಿಸಿದ್ದರಂತೆ. ನಲ್ಲಿ ಈಗಲೂ ಇದೆ, ನೀರನ್ನು ಮಾತ್ರ ಯಾರೂ ಕಂಡಿಲ್ಲ.

ನಾಲ್ಕನೆಯವಳು ನಾನು. ನನ್ನ ಹೆಸರು ದೊಡ್ಡ ಟೀಚರದ್ದು, ಅಂದರೆ ದೊಡ್ಡ ಟೀಚರ್ ಹೆಸರನ್ನು ಶಾಲೆಗೆ ಇಡಬೇಕು ಎಂಬುದು ನನ್ನ ಹಟ. ಅವರು ಈ ಶಾಲೆಯಲ್ಲಿ ಮೂವತ್ತೈದು ವರ್ಷ ಪಾಠ ಮಾಡಿದವರು. ಅಪ್ಪನಿಗೂ ಮಾಡಿದ್ದರು, ನನಗೂ ಮಾಡಿದರು. ಗಟ್ಟಿ ಧ್ವನಿ, ಇಸ್ತ್ರಿ ಹಾಕಿದ ಸೀರೆ, ಬೆರಳ ತುದಿಯಲ್ಲಿ ಯಾವಾಗಲೂ ಸೀಮೆಸುಣ್ಣ. ಓದಲು ಬಾರದ ನನ್ನನ್ನು ಒಂದು ಇಡೀ ಬೇಸಿಗೆ ತಮ್ಮ ಮನೆಯ ಅಡುಗೆ ಕಟ್ಟೆಯ ಮೇಲೆ ಕೂರಿಸಿಕೊಂಡು ಓದಿಸಿದವರು. ನಾನು ಟೀಚರಾಗಿದ್ದೇ ಅವರಿಂದ. ಅವರು ಹೋಗಿ ಆರು ವರ್ಷವಾಯಿತು. ಈಗಲೂ ಬೋರ್ಡಿನ ಮೇಲೆ ಬರೆಯುವಾಗ ಹಿಂದೆ ನಿಂತಿದ್ದಾರೆ ಅನಿಸಿ ಸಾಲು ನೆಟ್ಟಗೆ ಬರೆಯುತ್ತೇನೆ. ಅವರ ಹೆಸರು ಆ ಬಾಗಿಲ ಮೇಲೆ ಬರಲೇಬೇಕಿತ್ತು. ಇದಕ್ಕಿಂತ ಹೆಚ್ಚಾಗಿ ನಾನು ಯಾವುದನ್ನೂ ಬಯಸಿದ್ದು ನೆನಪಿಲ್ಲ.

ಭಾನುವಾರ ಬೆಳಿಗ್ಗೆ ಶಾಲೆಯಲ್ಲಿ ಸಭೆ, ಕೈಯೆತ್ತಿ ತೀರ್ಮಾನ ಎಂದಾಯಿತು. ಅದಕ್ಕೆ ಮೊದಲು ಒಂದೊಂದು ಬಣವೂ ಸಹಿ ಸಂಗ್ರಹಿಸಬೇಕು. ಸಹಿ ಸಂಗ್ರಹಿಸಲು ಸಲೂನಿಗಿಂತ ಒಳ್ಳೆಯ ಜಾಗ ಯಾವುದಿದೆ? ನಾನು ನನ್ನ ಹಾಳೆಯನ್ನು ಸೋಮವಾರವೇ ತೆಗೆದುಕೊಂಡು ಹೋಗಿ ಮೊದಲ ಸಹಿ ಅಪ್ಪನಿಂದ ಹಾಕಿಸಿದೆ. ಅವನು ಸಹಿ ಹಾಕುವ ಮೊದಲು ಒಂದು ಕ್ಷಣ ಪೆನ್ನು ಹಿಡಿದುಕೊಂಡೇ ನಿಂತ. ಏನಪ್ಪ ಎಂದೆ. ಏನಿಲ್ಲ ಎಂದು ಹಾಕಿದ. ಹಾಳೆಯ ಮೂಲೆಯಲ್ಲಿ ಸೋಪಿನ ನೊರೆಯ ಬೆರಳಚ್ಚು ಬಿತ್ತು.

ಶನಿವಾರ ಮಧ್ಯಾಹ್ನ ಔಷಧಿ ಅಂಗಡಿಗೆ ಕೆಮ್ಮಿನ ಮಾತ್ರೆಗೆಂದು ಹೋದೆ. ಗಾಜಿನ ಕೆಳಗೆ ಅವರ ಹಾಳೆ ಇತ್ತು. ಮೊದಲ ಸಹಿ ನಮ್ಮಪ್ಪನದು. ಮೂಲೆಯಲ್ಲಿ ನೊರೆ. ಅಲ್ಲಿಂದ ಓಡಿ ಪೋಸ್ಟ್‌ಮಾಸ್ಟರ ಮನೆಗೆ ಹೋದೆ, ಒಂದು ಸುಳ್ಳು ನೆಪ ಹೇಳಿ ಹಾಳೆ ನೋಡಿದೆ. ಮೊದಲ ಸಹಿ, ನೊರೆ. ಮೆಂಬರ ಆಫೀಸಿನಲ್ಲೂ ಅದೇ. ನಾಲ್ಕು ಬಣ, ನಾಲ್ಕು ಹಾಳೆ, ನಾಲ್ಕರಲ್ಲೂ ಮೊಟ್ಟಮೊದಲ ಬೆಂಬಲಿಗ ನನ್ನನ್ನು ಹೆತ್ತ ತಂದೆ!

ಸಲೂನಿಗೆ ನುಗ್ಗಿದೆ. ಪುಣ್ಯಕ್ಕೆ ಗಿರಾಕಿ ಇರಲಿಲ್ಲ. ಅಪ್ಪ ಬಾಚಣಿಗೆ ತೊಳೆಯುತ್ತಿದ್ದ.

“ಎಲ್ಲಾರ ಹಾಳೆಗೂ ಸಹಿ ಹಾಕಿದೀಯಾ?”

“ಹೌದು.”

“ನಾಚಿಕೆ ಆಗಲ್ವಾ?”

“ಹೌದು” ಎಂದ ಅಪ್ಪ, ತಲೆ ತಗ್ಗಿಸಿ.

“ನಾಳೆ ಸಭೇಲಿ ನೀನು ಒಂದೇ ಒಂದು ಮಾತು ಹೇಳ್ಬೇಕು. ನಿನ್ನ ಮನಸ್ಸಲ್ಲಿ ಇರೋ ಮಾತು. ಯಾರಿಗೆ ಬೇಜಾರಾದ್ರೂ ಸರಿ. ನಾಲ್ಕೂ ಜನಕ್ಕೆ ಹೌದು ಅಂದ್ಯೋ, ನಾಡಿದ್ದಿನಿಂದ ಬಸ್‌ಸ್ಟ್ಯಾಂಡ್ ಸಲೂನಿನವನನ್ನ ಅಪ್ಪ ಅಂತ ಕರೀತೀನಿ, ನೋಡ್ಕೋ.”

ಅಪ್ಪ ಬಾಚಣಿಗೆ ಒರೆಸಿದ. ಮತ್ತೆ ಒರೆಸಿದ. “ಮನಸ್ಸಲ್ಲಿ ಇರೋದನ್ನೇ ಹೇಳ್ಬೇಕಾ?” ಎಂದು ಕೇಳಿದ.

“ಅದನ್ನೇ.”

“ಹೂಂ” ಅಂದ.

ಆ ಹೂಂನಿಂದ ನನಗೇನೂ ಸಮಾಧಾನವಾಗಲಿಲ್ಲ. ಅಮ್ಮ ಬೇರೆ ಸಲೂನಿನ ಹಿಂದಿನ ನಮ್ಮ ಮನೆಯೊಳಗಿನಿಂದ, “ಅವರನ್ನ ಬಿಟ್ಟುಬಿಡೇ. ಒಬ್ಬರ ಕಡೆ ಅಂದ್ರೆ ಉಳಿದ ಮೂರು ಬಣದ ತಲೆಗಳು ಬಸ್‌ಸ್ಟ್ಯಾಂಡಿಗೆ ಹೋಗ್ತವೆ. ನಾವು ಬೋಳಿಸೋದು ಯಾರನ್ನ?” ಎಂದಳು. ಅದೂ ನಿಜವೇ. ಆದರೆ ನನ್ನ ಕಣ್ಣಿಗೆ ಆಗ ಬಾಗಿಲ ಮೇಲಿನ ಬೋರ್ಡು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಭಾನುವಾರ ಶಾಲೆಯ ದೊಡ್ಡ ಕೋಣೆಯಲ್ಲಿ ಇನ್ನೂರು ಜನ. ದೊಡ್ಡವರ ಕುರ್ಚಿ ಹನ್ನೆರಡೇ ಇದ್ದದ್ದು. ಉಳಿದವರೆಲ್ಲ ಒಂದನೇ ಕ್ಲಾಸಿನ ಬೆಂಚಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತರು. ಆ ಬೆಂಚಿನಲ್ಲಿ ಕೂತ ತಕ್ಷಣ ದೊಡ್ಡ ದೊಡ್ಡ ಮನುಷ್ಯರೂ ಪಕ್ಕದವರನ್ನು ಮೊಣಕೈಯಿಂದ ತಿವಿಯಲು ಶುರು ಮಾಡಿದರು. ಹಿಂದಿನ ಸಾಲಿನಿಂದ ಕಾಗದದ ಉಂಡೆಯೊಂದು ಹಾರಿ ಬಂದು ಪೋಸ್ಟ್‌ಮಾಸ್ಟರ ಬೋಳುತಲೆಗೆ ಬಡಿಯಿತು. ಯಾರೆಂದು ತಿರುಗಿ ನೋಡಿದರೆ ಬ್ಯಾಂಕಿನ ಮ್ಯಾನೇಜರು ಮುಗ್ಧರಂತೆ ಚಾವಣಿ ನೋಡುತ್ತಿದ್ದರು.

ಅಪ್ಪ ಕೊನೆಯ ಬೆಂಚಿನಲ್ಲಿ ಕೂತ. ಅವನಿಗೆ ಜನರ ಪರಿಚಯ ತಲೆಯ ಹಿಂಭಾಗದಿಂದ. ಸುಳಿ ನೋಡಿ ಇಂಥವರೆಂದು ಹೇಳಬಲ್ಲ. ಇನ್ನೂರು ತಲೆಗಳನ್ನು ಹಿಂದಿನಿಂದ ನೋಡುತ್ತ ಅವನು ತನ್ನ ಅಂಗಡಿಯಲ್ಲಿದ್ದಷ್ಟೇ ನಿರಾಳವಾಗಿದ್ದ.

ಅಧ್ಯಕ್ಷತೆ ಮೆಂಬರದ್ದು. ಅವರು ತಂದೆಯವರ ನಲ್ಲಿಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. “ಒಂದು ಲೋಟ ನೀರು ಹಿಡ್ಕೊಂಡು ಬನ್ನಿ ಅದರಿಂದ, ಕೈಯೆತ್ತುತೀವಿ” ಎಂದು ಯಾರೋ ಕೂಗಿದರು. ಔಷಧಿ ಅಂಗಡಿಯವರು ಓಟಗಾರ್ತಿಯ ಸಾಧನೆ ಹೇಳುವ ಆವೇಶದಲ್ಲಿ ತಾವೇ ವೇದಿಕೆಯ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಓಡಿ ಉಸಿರು ಕಟ್ಟಿ ಕೂತುಬಿಟ್ಟರು. ಪೋಸ್ಟ್‌ಮಾಸ್ಟರು ಎದ್ದು ಪಿನ್‌ಕೋಡ್ ಎಂಬುದು ಹೇಗೆ ಹುಟ್ಟಿತು ಎಂಬಲ್ಲಿಂದ ಆರಂಭಿಸಿದರು. ಜನ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ನಾನೂ ನಗುತ್ತಿದ್ದೆ.

ನನ್ನ ಸರದಿ ಬಂತು. ನಾನು ಭಾಷಣ ಬರೆದುಕೊಂಡು ಹೋಗಿರಲಿಲ್ಲ. ಅಡುಗೆ ಕಟ್ಟೆಯ ಮೇಲೆ ಕೂತು ಓದಿದ ಬೇಸಿಗೆಯ ಬಗ್ಗೆ ಹೇಳಿದೆ. ಇಲ್ಲಿ ಯಾರಿಗೆಲ್ಲ ದೊಡ್ಡ ಟೀಚರ್ ಮಗ್ಗಿ ಕಲಿಸಿದ್ದಾರೆ, ಹೇಳಿ ನೋಡೋಣ ಎಂದೆ. ಅರ್ಧ ಸಭೆ ಕೈಯೆತ್ತಿತು. ಗದ್ದಲ ತಾನಾಗಿ ನಿಂತಿತು. ತರಕಾರಿ ಮಾರುವ ಅಜ್ಜಿಯೊಬ್ಬರು ಸೆರಗಿನಿಂದ ಮೂಗು ಒರೆಸಿಕೊಂಡರು. ಗೆದ್ದೆವು ಎಂದು ನನಗೆ ಅನಿಸಿತು, ಕಾಲು ನೆಲದ ಮೇಲಿರಲಿಲ್ಲ.

ಆಗ ಹೆಡ್‌ಮಾಸ್ತರರು ಸಹಿಯ ಹಾಳೆಗಳನ್ನು ಓದಲು ನಿಂತರು. ನಾಲ್ಕು ಹಾಳೆಯ ಮೊದಲ ಹೆಸರು ಓದುವಷ್ಟರಲ್ಲಿ ಸಭೆ ಮುಗಿಲು ಮುಟ್ಟುವಂತೆ ನಕ್ಕಿತು. “ಹೌದಪ್ಪ ಮೇಲೆ ಬರಲಿ! ಹೌದಪ್ಪ ಮೇಲೆ ಬರಲಿ!” ಬೆಂಚು ಬಡಿಯುವ ಸದ್ದಿಗೆ ಕಿಟಕಿಯ ಗಾಜು ನಡುಗಿತು. ನಾಲ್ಕೈದು ಜನ ಸೇರಿ ಅಪ್ಪನನ್ನು ಎಬ್ಬಿಸಿ ವೇದಿಕೆಗೆ ತಂದು ನಿಲ್ಲಿಸಿಬಿಟ್ಟರು.

ಅಪ್ಪ ಅಲ್ಲಿ ನಿಂತಾಗ ನನಗೆ ಹೊಳೆಯಿತು, ಇಷ್ಟು ಮುಖಗಳನ್ನು ಅವನು ಒಟ್ಟಿಗೆ, ಕನ್ನಡಿಯಿಲ್ಲದೆ, ನೇರವಾಗಿ ಎಂದೂ ನೋಡಿರಲಿಲ್ಲ. ಗುರುತು ಹತ್ತದವನ ಹಾಗೆ ಪಿಳಿಪಿಳಿ ನೋಡುತ್ತಿದ್ದ. ಕೈ ತಾನಾಗಿ ಜೇಬಿನ ಬಾಚಣಿಗೆ ಹುಡುಕುತ್ತಿತ್ತು.

“ಈ ನಾಲ್ಕೂ ಸಹಿ ನಿಂದೇನಾ?” ಮೆಂಬರು ಕೇಳಿದರು.

“ಹೌದು.”

“ಅಂದ್ರೆ ನಾಲ್ಕೂ ಹೆಸರು ಇಡ್ಬೇಕಾ?”

“ಹೌದು.”

“ಬೋರ್ಡು ಬೀದಿ ಉದ್ದ ಆಗುತ್ತಲ್ಲಪ್ಪ?”

“ಹೌದು.”

ನಗು ಅಲೆ ಅಲೆಯಾಗಿ ಎದ್ದಿತು. ಅವಮಾನ ಅವನಿಗಾಗಲಿಲ್ಲ, ನನಗಾಯಿತು. ನಾನು ಎದ್ದು ನಿಂತೆ. ಅವನಿಗೆ ಕಷ್ಟವಾಗದ ಹಾಗೆ, ಬಾಯಿಗೆ ತುತ್ತಿಟ್ಟ ಹಾಗೆ ಪ್ರಶ್ನೆ ಕೇಳಬೇಕು ಎಂದುಕೊಂಡೆ. ಅವನಿಗೆ ಬರುವ ಒಂದೇ ಮಾತಿನಲ್ಲಿ ಉತ್ತರ ಬರುವಂಥ ಪ್ರಶ್ನೆ.

“ಅಪ್ಪಾ, ಇಲ್ಲಿ ನೋಡು. ಈ ಶಾಲೆಗೆ ದೊಡ್ಡ ಟೀಚರ್ ಹೆಸರೇ ಸರಿ. ಹೌದಲ್ವಾ?”

ಅಪ್ಪ ನನ್ನನ್ನು ನೋಡಿದ.

“ಅಲ್ಲ” ಅಂದ.

ನಗುತ್ತಿದ್ದವರ ಬಾಯಿ ತೆರೆದಂತೆಯೇ ನಿಂತಿತು. ಹಿಂದಿನ ಬೆಂಚಿನಲ್ಲಿ ಅಮ್ಮ “ಅಯ್ಯಯ್ಯೋ!” ಎಂದಳು. ಪೋಸ್ಟ್‌ಮಾಸ್ಟರು ಕಿವಿಯ ಯಂತ್ರ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನನಗಂತೂ ಕೆನ್ನೆಗೆ ಹೊಡೆದಂತಾಯಿತು. ಬದುಕಿಗೊಂದು ‘ಅಲ್ಲ’ ಅನ್ನಪ್ಪ ಎಂದು ಕಾಡಿದವಳು ನಾನೇ, ಅದು ಬಂದಿದ್ದು ನನ್ನ ತಲೆಯ ಮೇಲೆಯೇ.

“ಕುರ್ಚೀಲಿ ಕೇಳಿದ್ದನ್ನ ನಾನು ಹೊರಗೆ ಹೇಳಿದೋನಲ್ಲ” ಎಂದ ಅಪ್ಪ. ಧ್ವನಿ ಸಣ್ಣದಾಗಿತ್ತು, ಇನ್ನೂರು ಜನ ಮುಂದಕ್ಕೆ ಬಾಗಿದರು. “ಇವತ್ತು ಒಂದು ಹೇಳ್ತೀನಿ. ಹೇಳು ಅಂತ ಅವರೇ ಹೇಳಿದ್ರು, ಅದಕ್ಕೆ. ದೊಡ್ಡ ಟೀಚರ್ ಕೊನೇ ಕಾಲದಲ್ಲಿ ನನ್ನ ಹತ್ರ ಕೂದಲು ಕತ್ತರಿಸ್ಕೊಳ್ತಿದ್ರು. ಬಾಚೋಕೆ ಕೈ ಏಳ್ತಿರಲಿಲ್ಲ, ಗಿಡ್ಡ ಮಾಡಿಬಿಡು ಅಂತಿದ್ರು. ಮಂಗಳವಾರ ಅಂಗಡಿ ರಜ ಅಲ್ವಾ, ಅರ್ಧ ಶಟರ್ ಎತ್ತಿ ಕೂರಿಸ್ತಿದ್ದೆ. ಒಂದು ದಿನ ಅವರು ಬರುವಾಗ ಒಂದು ಹಳೇ ಪೇಪರ್ ತಂದಿದ್ರು. ಹಳದಿ ಆಗಿತ್ತು. ಟ್ರಂಕ್ ಖಾಲಿ ಮಾಡುವಾಗ ಸಿಕ್ತಂತೆ. ನನ್ನ ಐದನೇ ಕ್ಲಾಸಿನ ಲೆಕ್ಕದ ಪೇಪರ್.”

ಐದನೇ ಕ್ಲಾಸಿನಲ್ಲಿ ಅಪ್ಪ ಫೇಲಾದ ವಿಷಯ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಫೇಲಾದ ಮಾರನೆಯ ದಿನವೇ ತಾತ ಅವನ ಕೈಗೆ ಕತ್ತರಿ ಕೊಟ್ಟಿದ್ದರು. ಅದು ನಮಗೆ ಒಂದು ತಮಾಷೆಯ ಸಂಗತಿಯಾಗಿತ್ತು.

“ನಾನು ಆ ಪೇಪರ್‌ನಲ್ಲಿ ಪಾಸಾಗಿದ್ದೆ” ಎಂದ ಅಪ್ಪ. “ಚೆನ್ನಾಗೇ ಪಾಸಾಗಿದ್ದೆ. ಟೀಚರ್ ರಿಜಿಸ್ಟರಿಗೆ ಬರೆಯುವಾಗ ನನ್ನ ಮಾರ್ಕ್ಸು ಇನ್ನೊಬ್ಬ ಹುಡುಗನ ಸಾಲಿಗೆ ಹೋಯ್ತು, ಅವನದ್ದು ನನಗೆ ಬಂತು. ಟೀಚರ್ ಆ ದಿನ ಕುರ್ಚೀಲಿ ಕೂತು ಅತ್ತರು. ಯಾಕೋ ನೀನು ಅವತ್ತು ಒಂದು ಮಾತು ಕೇಳಲಿಲ್ಲ, ನೀನು ಫೇಲು ಅಂದಾಗ ‘ಅಲ್ಲ ಟೀಚರ್, ನನ್ನ ಲೆಕ್ಕ ಎಲ್ಲಾ ಸರಿ ಇತ್ತು’ ಅನ್ನಬಾರದಿತ್ತಾ, ಪೇಪರ್ ತೆಗೆದು ನೋಡ್ತಿದ್ದೆನಲ್ಲೋ, ಅಂದ್ರು. ನನಗೆ ಲೆಕ್ಕ ಸರಿ ಅಂತ ಗೊತ್ತಿತ್ತು. ಆದ್ರೆ ಅವರು ಟೀಚರ್ ಅಲ್ವಾ? ಹೂಂ ಟೀಚರ್ ಅಂದು ಮನೆಗೆ ಹೋಗಿದ್ದೆ.”

ಅಪ್ಪ ಜೇಬಿನಿಂದ ಬಾಚಣಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಆಮೇಲೆ ಅವರು ಅಂದ್ರು. ನಾನು ಸತ್ತ ಮೇಲೆ ಇವರು ನನ್ನ ಹೆಸರು ಆ ಬಾಗಿಲ ಮೇಲೆ ಬರೆಯೋಕೆ ಹೊರಡ್ತಾರೆ. ಬಾಗಿಲ ಮೇಲೆ ಹೆಸರಿರೋರು ತಪ್ಪೇ ಮಾಡಿಲ್ಲ ಅಂತ ಮಕ್ಕಳು ತಿಳ್ಕೋತಾರೆ. ಹೂಂ ಅನ್ನೋ ಮಕ್ಕಳು ಇನ್ನೂ ಜಾಸ್ತಿ ಆಗ್ತಾರೆ. ಅವತ್ತು ನನಗೆ ಹೇಳದೆ ಉಳಿಸ್ಕೊಂಡ ‘ಅಲ್ಲ’ ಇದೆಯಲ್ಲ, ಅದನ್ನ ಆಗ ಹೇಳು, ಅಂದ್ರು. ಹೇಳ್ತೀಯಾ ಅಂದ್ರು. ಹೌದು ಅಂದೆ. ನಾನು ಹೌದು ಅಂದಿದ್ದೆಲ್ಲ ಸುಮ್ಮನೆ ಅಂದಿದ್ದು. ಅದೊಂದು ಮಾತ್ರ ನಿಜವಾಗಿ ಅಂದಿದ್ದು.” ಅವನು ನನ್ನ ಕಡೆ ತಿರುಗಿದ. “ನಿನ್ನ ಹಾಳೇಗೆ ಸಹಿ ಹಾಕುವಾಗಲೇ ಹೇಳ್ಬೇಕಿತ್ತು ಮಗಳೇ. ಬಾಯಿ ಬರಲಿಲ್ಲ.”

ಕೊನೆಗೆ ಔಷಧಿ ಅಂಗಡಿಯವರು ಮೆಲ್ಲಗೆ ಕೇಳಿದರು. “ಆ ಇನ್ನೊಬ್ಬ ಹುಡುಗ... ನಿನ್ನ ಮಾರ್ಕ್ಸಲ್ಲಿ ಪಾಸಾದೋನು... ಯಾರಂತೆ?”

“ಅದನ್ನೂ ಹೇಳಿದ್ರು” ಎಂದ ಅಪ್ಪ. “ಅದನ್ನ ಮಾತ್ರ ಕೂದಲ ಜೊತೆ ಗುಡಿಸಿ ಹಾಕಿದೀನಿ.”

ಅಷ್ಟೇ ನೋಡಿ. ಸಭೆಯಲ್ಲಿ ಅರವತ್ತರ ಆಸುಪಾಸಿನ ಗಂಡಸರೆಲ್ಲ ಒಟ್ಟಿಗೆ ಬೆವರತೊಡಗಿದರು. ಔಷಧಿ ಅಂಗಡಿಯವರು ಬೆರಳಲ್ಲಿ ವರ್ಷ ಲೆಕ್ಕ ಹಾಕಿದರು. ಬ್ಯಾಂಕಿನ ಮ್ಯಾನೇಜರು ಎದುರಿನ ಬೆಂಚಿನ ಮೇಲೆ ಏನನ್ನೋ ಕೂಡಿ ಕಳೆದು ನೋಡಿ, ಉತ್ತರ ಸರಿ ಬಂದಿದ್ದಕ್ಕೆ ಉಸಿರು ಬಿಟ್ಟರು. ಮೆಂಬರು ಮುಂದಿದ್ದ ಲೋಟದ ನೀರು ಕುಡಿದರು, ಪಕ್ಕದವರ ಲೋಟದ್ದೂ ಕುಡಿದರು, ಆಮೇಲೆ ಇದ್ದಕ್ಕಿದ್ದಂತೆ ಎದ್ದು, “ಯಾರ ಹೆಸರೂ ಬೇಡಪ್ಪ! ಗಡಿಯಾರದ ಬೀದಿ ಸರ್ಕಾರಿ ಶಾಲೆ ಅಂತ ಬರೆದ್ರೆ ಸಾಕು. ಒಪ್ಪಿಗೆ ಇರೋರು ಕೈಯೆತ್ತಿ, ಬೇಗ ಎತ್ತಿ” ಎಂದರು. ಕೈಗಳು ಪಟಪಟ ಮೇಲೆದ್ದವು. ಹೇಗೂ ಎಲ್ಲರೂ ಅದನ್ನು ಹಾಗೆಯೇ ಕರೆಯುತ್ತಿದ್ದದ್ದು. ವಿಳಾಸ ಬದಲಾಗುವುದಿಲ್ಲ ಎಂದು ಪೋಸ್ಟ್‌ಮಾಸ್ಟರು ಎರಡೂ ಕೈ ಎತ್ತಿದರು.

ನಾನು ಕೈಯೆತ್ತಲಿಲ್ಲ. ಸೋತಿದ್ದೆ, ಸಿಟ್ಟು ಬಂದಿತ್ತು, ಅಳು ಬಂದಿತ್ತು. ರಸ್ತೆ ದಾಟುವಾಗ ಅಪ್ಪ ಎರಡು ಹೆಜ್ಜೆ ಹಿಂದೆ ಬರುತ್ತಿದ್ದ. “ಬಸ್‌ಸ್ಟ್ಯಾಂಡ್ ಸಲೂನಿನವನನ್ನ ಅಪ್ಪ ಅಂತೀಯಾ?” ಎಂದು ಕೇಳಿದ, ನಿಜವಾಗಿ ಭಯಪಟ್ಟು. ನನಗೆ ಎಲ್ಲಿಂದಲೋ ನಗು ನುಗ್ಗಿತು. ನಡುರಸ್ತೆಯಲ್ಲಿ ನಿಂತು ನಕ್ಕೆ, ಬಸ್ಸಿನವನು ಹಾರ್ನ್ ಬಾರಿಸಿದರೂ ನಿಲ್ಲಿಸಲಾಗಲಿಲ್ಲ. ಅಪ್ಪನೂ ನಗಲು ಶುರು ಮಾಡಿದ. ಅಮ್ಮ ನಮ್ಮಿಬ್ಬರನ್ನೂ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಅವನ ಮೇಲೆ ನನಗೆ ಅವತ್ತಿನಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ, ಅವತ್ತಿನಷ್ಟು ಸಿಟ್ಟೂ ಬಂದಿರಲಿಲ್ಲ.

ಗಿರಾಕಿಗಳು ಬಿಟ್ಟುಹೋಗುತ್ತಾರೆ ಎಂದು ಅಮ್ಮ ಹೆದರಿದ್ದೇ ಬಂತು. ಸೋಮವಾರ ಬೆಳಿಗ್ಗೆ ಬೆಂಚು ಸಾಲದೆ ಮೆಟ್ಟಿಲ ಮೇಲೂ ಕೂತಿದ್ದರು. ಅರವತ್ತರವರೇ ಹೆಚ್ಚು, ಆ ಹುಡುಗ ತಾನಲ್ಲ ತಾನೇ ಎಂದು ಒಬ್ಬೊಬ್ಬರೇ ಕಿವಿಯಲ್ಲಿ ಕೇಳಿ ಹೋಗಲು ಬಂದವರು. ಅಪ್ಪ ಅವರಿಗೆಲ್ಲ ಕುತ್ತಿಗೆ ನೇರ ಇಟ್ಕೊಳ್ಳಿ ಎಂದಷ್ಟೇ ಹೇಳಿದ. ಪೋಸ್ಟ್‌ಮಾಸ್ಟರು ಇರುವ ನಾಲ್ಕು ಕೂದಲನ್ನು ಇನ್ನೂ ಗಿಡ್ಡ ಮಾಡು ಎಂದಾಗ “ಅಲ್ಲ ಸಾರ್, ಹೀಗೇ ಚೆನ್ನ” ಎಂದನಂತೆ. ಹೇಳಿದ ಮೇಲೆ ತಾನೇ ಬೆಚ್ಚಿಬಿದ್ದನಂತೆ. ಪೋಸ್ಟ್‌ಮಾಸ್ಟರು ಮರುಮಾತಾಡದೆ ಒಪ್ಪಿಕೊಂಡರು ಎಂದು ಅಮ್ಮ ಹೇಳಿದಳು.

ಅದೇ ಸೋಮವಾರ ನಾನು ನನ್ನ ಮೂರನೇ ಕ್ಲಾಸಿಗೆ ಹೋದೆ. ಇಡೀ ಶಾಲೆಯಲ್ಲಿ ಶಿಸ್ತಿನ ಕ್ಲಾಸು ಎಂದರೆ ನನ್ನದು. ನಲವತ್ತು ಮಕ್ಕಳಿದ್ದರೂ ಸೂಜಿ ಬಿದ್ದರೆ ಕೇಳಬೇಕು, ಹಾಗೆ ಇಟ್ಟಿದ್ದೇನೆ. ಬೋರ್ಡಿನ ಮೇಲೆ ಬರೆದೆ: ಏಳೆಂಟಲ ಐವತ್ತನಾಲ್ಕು.

“ಸರೀನಾ?” ಎಂದೆ.

“ಸರಿ ಟೀಚರ್!” ನಲವತ್ತು ಕಂಠ.

ಅಳಿಸಿ, ಇನ್ನೂ ದೊಡ್ಡದಾಗಿ ಅದನ್ನೇ ಬರೆದೆ. “ಸರೀನಾ?”

“ಸರಿ ಟೀಚರ್!” ತಲೆ ತಗ್ಗಿಸಿ ಎಲ್ಲವೂ ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದವು. ಅಷ್ಟು ಮುದ್ದಾದ ಅಕ್ಷರ, ಅಷ್ಟು ನೆಟ್ಟಗಿನ ಸಾಲು. ಮೊನ್ನೆಯ ತನಕ ಇದನ್ನು ನೋಡಿ ನಾನು ಖುಷಿಪಡುತ್ತಿದ್ದೆ. ಸೀಮೆಸುಣ್ಣ ಕೆಳಗಿಟ್ಟು, ಕೈಕಟ್ಟಿ ನಿಂತು ಕಾದೆ. ಒಂದು ನಿಮಿಷ. ಎರಡು ನಿಮಿಷ. ಟೀಚರಿಗೆ ಏನಾಯಿತು ಎಂದು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು.

ಕಿಟಕಿ ಪಕ್ಕದ ಹುಡುಗಿಯೊಬ್ಬಳು ಅರ್ಧ ಕೈಯೆತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು.

“ಅಲ್ಲ ಟೀಚರ್.”

“ಏನಲ್ಲ?”

“ಐವತ್ತನಾಲ್ಕಲ್ಲ. ಐವತ್ತೆಂಟು.”

ಅದೂ ತಪ್ಪೇ. ನಾನು ಹೋಗಿ ಅವಳ ಪುಸ್ತಕದಲ್ಲಿ ಹತ್ತಕ್ಕೆ ಹತ್ತು ಹಾಕಿದೆ. ಅದನ್ನು ಕಂಡಿದ್ದೇ ತಡ, ಹಿಂದಿನಿಂದ ಒಬ್ಬ “ಅಲ್ಲ ಟೀಚರ್, ಐವತ್ತೈದು!” ಎಂದ. “ಅಲ್ಲ, ಐವತ್ತಾರು!” “ಅಲ್ಲ ಟೀಚರ್, ಇವನು ನನ್ನದು ನೋಡಿ ಹೇಳಿದ್ದು!” ಬೆಂಚು ಹತ್ತಿ ನಿಂತವರೆಷ್ಟೋ, ಬೆರಳೆಣಿಸಿ ತೋರಿಸಿದವರೆಷ್ಟೋ. ಹೆಡ್‌ಮಾಸ್ತರರು ಏನಾಯಿತೋ ಎಂದು ಓಡಿ ಬಂದು ಬಾಗಿಲಲ್ಲಿ ನಿಂತರು. ಎದುರು ಸಲೂನಿನಿಂದ ಅಪ್ಪ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ರಸ್ತೆಗೆ ಬಂದು ಕಿಟಕಿಯ ಕಡೆ ನೋಡುತ್ತಿದ್ದ. ಮೊದಲು ಈ ಮಕ್ಕಳ ಬಾಯಿ ಮುಚ್ಚಿಸಿ ಎಂದು ಹೆಡ್‌ಮಾಸ್ತರರು ಅಂದರು. ನಾನು ಮುಚ್ಚಿಸಲಿಲ್ಲ. ಅಪ್ಪ ಕೇಳಲಿ ಎಂದು ಕಿಟಕಿಯ ಎರಡೂ ಬಾಗಿಲು ತೆರೆದಿಟ್ಟೆ.